ಎಲುಬು ಕಾಣುವ ನಾಯಿ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು ನಾನು. ಪ್ರತಿ ವರ್ಷವೂ ತಪ್ಪದೆ ತಕ್ಕೋಲದ ಯುದ್ಧ ಬರುತ್ತಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಪಕ್ಷ ವಹಿಸಿ ಕಾದಿದ ಗಂಗರ ಇಮ್ಮಡಿ ಬೂತುಗ, ರಣರಂಗದಲ್ಲಿ ಮಡಿದ ಚೋಳರ ರಾಜಾದಿತ್ಯ, ಬೂತುಗನಿಗೆ ಮೆಚ್ಚಾಗಿ ದೊರೆತ ಬನವಾಸಿ, ಬೆಳ್ವೊಲ, ಪುಲಿಗೆರೆ ಮೊದಲಾದ ನಾಡುಗಳು—ಇಷ್ಟನ್ನು ಹುಡುಗರಿಂದ ಬರೆಯಿಸಿ, ಕೆಳಗೆ ‘ಆಧಾರ: ಆತಕೂರಿನ ಶಾಸನ’ ಎಂದು ಒಂದು ಗೆರೆ ಎಳೆಸಿ ಮುಂದಿನ ಪಾಠಕ್ಕೆ ನಡೆದುಬಿಡುತ್ತಿದ್ದೆ. ಆ ಶಾಸನ ಹುಟ್ಟಿದ್ದೇ ಒಂದು ನಾಯಿಯ ಸಲುವಾಗಿ ಎಂಬುದನ್ನು ಹೇಳಲು ಹೊತ್ತು ಸಾಲುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಾಯಿಯ ವಿಷಯವಾಗಿ ಪ್ರಶ್ನೆ ಕೇಳುವ ರೂಢಿಯೂ ಇರಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಬೆಂಗಳೂರಿನ ಮಗಳ ಮನೆಗೆ ಹೋದಾಗ, ಜೊತೆಗೆ ಬಂದಿದ್ದ ಮೊಮ್ಮಗನನ್ನು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಮಂಡ್ಯ ಸೀಮೆಯ ಆತಕೂರಿನ ಆ ಕಲ್ಲು ಅಲ್ಲಿದೆ. ಕ್ರಿ.ಶ. ೯೪೯–೫೦ರ ಬರಹ; ನಡುವೆ ಹಂದಿಯೊಡನೆ ಸೆಣಸುವ ನಾಯಿಯ ಕೆತ್ತನೆ. ಯುದ್ಧದಲ್ಲಿ ಮೆರೆದ ತನ್ನ ಬಂಟ ಮಣಲೇರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಆ ಪುಣ್ಯಾತ್ಮ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದನ್ನು ತಂದು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಗೆ ದೇವಾಲಯದ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಪೂಜೆಗೆ ನಿಂತ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವೆಲ್ಲ ಅವನಿಗೆ ಎಂದೂ ಬರೆಯಿಸಿದರು. ನಾಯಿ ಮಾಡುವ ಪಾಪವಾದರೂ ಏನಿರಬಹುದೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಮೊಮ್ಮಗನಿಗೆ ಎಂಟು ವರ್ಷ. ಅವನು ಬಹಳ ಹೊತ್ತು ಕಲ್ಲಿನ ಮುಂದೆ ನಿಂತಿದ್ದ. ಧಾರವಾಡಕ್ಕೆ ಮರಳುವ ರೈಲಿನಲ್ಲಿ ಒಂದೇ ಬೇಡಿಕೆ: ‘ನಮಗೂ ಒಂದು ಕಾಳಿ ಬೇಕು, ಅಜ್ಜಾ.’

ಮನೆಗೆ ಬಂದ ಮೊದಲ ಕಾಳಿ ಬದುಕಿದ್ದು ಹತ್ತು ದಿನ. ಇದನ್ನು ಬರೆಯುವಾಗ ಈಗಲೂ ಲೇಖನಿ ತಡೆಯುತ್ತದೆ. ಅದು ಕಪ್ಪು ಬಣ್ಣದ ಲ್ಯಾಬ್ರಡಾರ್ ಮರಿ. ಮಾರಿದವನು ಮೂವತ್ತೈದು ದಿನದ್ದೆಂದ. ‘ಸೂಜಿ ಎಲ್ಲಾ ಹಾಕ್ಸೇವ್ರಿ’ ಎಂದೂ ಸೇರಿಸಿದ. ನಾವು ನಂಬಿದೆವು. ಆರನೆಯ ದಿನ ಮರಿ ಊಟ ಬಿಟ್ಟಿತು. ವಾಂತಿ, ಆಮೇಲೆ ಭೇದಿ. ಮಕ್ಕಳಿಗೆ ಮಾಡುತ್ತಿದ್ದ ಉಪಚಾರವನ್ನೇ ನಾನು ಮಾಡಿದೆ: ಮಜ್ಜಿಗೆಯಲ್ಲಿ ಜಾಯಿಕಾಯಿ ತೇದು ನೆಕ್ಕಿಸಿದೆ. ಜಾಯಿಕಾಯಿ ನಾಯಿಗೆ ಹಿತವಲ್ಲವೆಂಬುದು ಆಗ ತಿಳಿಯದು. ಎರಡು ದಿನ ಹೀಗೆ ಕಳೆದವು. ಭೇದಿಯಲ್ಲಿ ರಕ್ತ ಕಂಡಾಗ ಪಶುವೈದ್ಯರ ಬಳಿಗೆ ಓಡಿದೆವು. ವೈದ್ಯೆ ಚಿಕ್ಕ ವಯಸ್ಸಿನವಳು. ಮರಿಯನ್ನು ಮುಟ್ಟುವ ಮೊದಲೇ, ವಾಸನೆಯಿಂದಲೇ ರೋಗವನ್ನು ಗುರುತಿಸಿದಳು—ಪಾರ್ವೊ. ಕಾಲಿಗೆ ಸಲೈನ್ ಹಚ್ಚಿ ಎರಡು ರಾತ್ರಿ ಹೆಣಗಿದಳು. ‘ಮೊದಲನೇ ದಿನಾನೇ ತಂದಿದ್ರೆ...’ ಎಂದು ಆಕೆ ಹೇಳಲಿಲ್ಲ. ಹೇಳದೆ ಬಿಟ್ಟದ್ದು ನನಗೆ ಕೇಳಿಸಿತು.

೧೯೭೮ರ ಸುಮಾರಿಗೆ ಜಗತ್ತಿಗೆ ಪರಿಚಯವಾಗಿ, ಒಂದೆರಡು ವರ್ಷಗಳಲ್ಲೇ ಖಂಡಖಂಡಾಂತರಗಳಿಗೆ ಹರಡಿದ ವ್ಯಾಧಿ ಇದು. ಕರುಳಿನ ಒಳಪದರವನ್ನೇ ಸುಲಿದುಹಾಕುತ್ತದೆ. ತಾಯಹಾಲಿನಿಂದ ಬಂದ ರಕ್ಷಣೆ ಕೆಲವು ವಾರಗಳಲ್ಲಿ ಕರಗುತ್ತದೆ. ಅದು ಕರಗುವ ಹೊತ್ತಿಗೆ ಲಸಿಕೆಯ ರಕ್ಷಣೆ ಸಿದ್ಧವಾಗಿರಬೇಕು. ಅದು ಯಾವ ದಿನ ಕರಗುವುದೆಂದು ಯಾರೂ ಹೇಳಲಾರರಾದ್ದರಿಂದ ಒಂದೇ ಲಸಿಕೆ ಸಾಲದು. ಆರರಿಂದ ಎಂಟು ವಾರದ ಪ್ರಾಯದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಕೊಡಿಸುತ್ತ ಹೋಗಬೇಕು. ಮೂವತ್ತೈದು ದಿನದ ಮರಿಗೆ ‘ಎಲ್ಲಾ’ ಆಗಿರಲು ಸಾಧ್ಯವೇ ಇಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ೨೦೧೭ರ ಕೇಂದ್ರ ಸರ್ಕಾರದ ನಿಯಮವೇ ಇದೆ. ಲೆಕ್ಕ ಕೂಡಿಸಿ ಕಳೆಯುವುದು ಬರುತ್ತಿದ್ದ ನಾನು ಈ ಸಣ್ಣ ಲೆಕ್ಕವನ್ನು ಮಾಡಲಿಲ್ಲ.

ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಒಂದು ವರ್ಷ ಬೇರೆ ಮರಿ ತರಬೇಡಿರೆಂದು ವೈದ್ಯೆ ಹೇಳಿದಳು. ಬ್ಲೀಚಿಂಗ್ ಪುಡಿ ಕಲಸಿ ಅಂಗಳ ತೊಳೆದೆವು. ಆ ವರ್ಷ ಕಳೆಯುವಷ್ಟರಲ್ಲಿ ನಾಯಿಗಳ ವಿಷಯದಲ್ಲಿ ನಾನು ಸಾಕಷ್ಟು ಓದಿದೆ. ಮಾಳಮಡ್ಡಿಯ ಬೀದಿಗಳಲ್ಲಿ ನಡೆಯುವಾಗ ಕಣ್ಣಿಗೆ ಬೀಳುತ್ತಿದ್ದ ನಾಯಿಗಳೂ ಬೇರೆಯಾಗಿ ಕಾಣತೊಡಗಿದವು. ನಾಯಿಯ ಜಾತಿಯೆಂದರೆ ಬಣ್ಣವಲ್ಲ, ಬೆಲೆಯಲ್ಲ. ಅದರ ಹಿರಿಯರು ಯಾವ ನೆಲದಲ್ಲಿ ಯಾವ ಕೆಲಸ ಮಾಡಿದರೆಂಬ ದಾಖಲೆ. ಲ್ಯಾಬ್ರಡಾರ್ ನಾಯಿಯ ಪೂರ್ವಿಕರು ನ್ಯೂಫೌಂಡ್‌ಲೆಂಡಿನ ಹಿಮದಂಥ ನೀರಿನಲ್ಲಿ ಬೆಸ್ತರ ಬಲೆ ಎಳೆದವರು. ಆ ಕೆಲಸಕ್ಕೆ ಒತ್ತಾದ ಕೂದಲೂ ಬೇಕು, ಮೈಯಲ್ಲಿ ಕೊಬ್ಬೂ ಬೇಕು. ಆ ವಂಶದ ಅನೇಕ ನಾಯಿಗಳಲ್ಲಿ ಹಸಿವು ತೀರಿತೆಂದು ತಿಳಿಸುವ ಒಂದು ಜೀನು ಕೊಂಚ ತುಂಡಾಗಿದೆಯೆಂದು ೨೦೧೬ರಲ್ಲಿ ಕೇಂಬ್ರಿಜ್ಜಿನ ಸಂಶೋಧಕರು ತೋರಿಸಿದರು. ನಮ್ಮ ಎದುರುಮನೆಯ ರಾಯರು ತಮ್ಮ ಲ್ಯಾಬ್ರಡಾರ್ ‘ಎಷ್ಟ್ ಹಾಕಿದ್ರೂ ತಿಂತದ, ಭಾಳ ಪ್ರೀತಿ ಅದಕ್ಕ ನಮ್ಮ ಮ್ಯಾಲೆ’ ಎಂದು ಹೆಮ್ಮೆಪಡುತ್ತಾರೆ. ಅದು ಪ್ರೀತಿಯಲ್ಲವೆಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಇನ್ನು ಹಿಮದಲ್ಲಿ ಬಂಡಿ ಎಳೆಯಲು ಹುಟ್ಟಿದ ಹಸ್ಕಿಯನ್ನು ಬಯಲುಸೀಮೆಯ ಬೇಸಿಗೆಯಲ್ಲಿ ಸಾಕುವವರ ಮಾತು ಬೇಡ. ಟೆಲಿಫೋನ್ ಜಾಹೀರಾತೊಂದನ್ನು ನೋಡಿ ಎಲ್ಲರೂ ಪಗ್ ನಾಯಿಯ ಬೆನ್ನು ಹತ್ತಿದ ಕಾಲವೂ ಒಂದಿತ್ತು. ಮೂಗೇ ಇಲ್ಲದ ಆ ಬಡಜೀವ ಉಸಿರಾಡುವ ಸದ್ದು ಓಣಿಯ ಈ ತುದಿಗೆ ಕೇಳಿಸುತ್ತಿತ್ತು.

ಎರಡನೆಯ ಮರಿಯನ್ನು ತಂದದ್ದು ಮುಧೋಳದ ಕಡೆಯಿಂದ.

ಸಾಹಿತ್ಯದ ಪುಟದಲ್ಲಿ ಮುಧೋಳವೆಂದೊಡನೆ ಓದುಗರಿಗೆ ರನ್ನ ನೆನಪಾಗುವುದು ಸಹಜ. ಕವಿ ಹುಟ್ಟಿದ ವರ್ಷ ಕ್ರಿ.ಶ. ೯೪೯ ಎನ್ನುತ್ತಾರೆ. ದಕ್ಷಿಣದಲ್ಲಿ ನಾಯಿಗೆ ಕಲ್ಲು ನಿಲ್ಲಿಸುತ್ತಿದ್ದ ಹೊತ್ತಿನಲ್ಲಿ, ಘಟಪ್ರಭೆಯ ಬದಿಯಲ್ಲಿ ಬಳೆಗಾರರ ಮನೆಯಲ್ಲಿ ಕೂಸೊಂದು ಅಳುತ್ತಿತ್ತು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಇತಿಹಾಸದ ಮಾಸ್ತರನ ಮನಸ್ಸು ಇಂಥವನ್ನು ಬಿಡಲೊಲ್ಲದು. ಮುಧೋಳದ ನಾಯಿ ಲೋಕದ ಕಣ್ಣಿಗೆ ಬಿದ್ದದ್ದು ಅಲ್ಲಿನ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾಯರ ಆಸಕ್ತಿಯಿಂದ. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಮರಿಗಳನ್ನು ಕಾಣಿಕೆ ಕೊಟ್ಟರೆಂದು ಊರಿನವರು ಇಂದಿಗೂ ಹೇಳುತ್ತಾರೆ. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂತು. ೨೦೧೬ರಲ್ಲಿ ಸೈನ್ಯದವರು ಮೀರತ್ತಿಗೆ ಕೊಂಡೊಯ್ದು ತರಬೇತಿ ಆರಂಭಿಸಿದರು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವೂ ಇದೆ. ಆದರೆ ಇವೆಲ್ಲಕ್ಕೂ ಮೊದಲು ಅದು ಕುರಿಗಾರರ, ಬೇಟೆಗಾರರ, ಹೊಲ ಕಾಯುವವರ ನಾಯಿ. ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ವಂಶ. ಬಯಲಿನಲ್ಲಿ ಮೊಲ ಎದ್ದರೆ ಅದನ್ನು ಕಂಡ ಮೇಲೆ ನೆಲವೇ ಸಾಲದೆಂಬಂತೆ ಓಡುತ್ತದೆ. ಉದ್ದ ಮುಖ, ಆಳವಾದ ಎದೆ, ಬೆನ್ನಿಗೆ ಹತ್ತಿಕೊಂಡಂತಿರುವ ಹೊಟ್ಟೆ, ಕೊಬ್ಬಿಲ್ಲದ ತೆಳು ಚರ್ಮ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಅಲ್ಲಿ ಒಕ್ಕಲುತನ ಮಾಡುತ್ತಾರೆ. ಎರಡು ತಿಂಗಳು ತುಂಬಿ, ಮೊದಲ ಲಸಿಕೆ ಆದ ಮರಿಯನ್ನು, ಪುಸ್ತಕದ ಸಮೇತ, ನನ್ನ ಕೈಗಿತ್ತರು. ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ ಮಾತನ್ನು ಹಾಗೆಯೇ ಕೊಡುತ್ತೇನೆ: ‘ಮಾಸ್ತರ, ಜ್ವಾಳದ ರೊಟ್ಟಿ ಹಾಲಾಗ ಮುರದ ಹಾಕ್ರಿ. ದಿನಾ ಒಂದ್ ತತ್ತಿ ಕೊಡ್ರಿ. ಹೊಟ್ಟಿ ತುಂಬ ಉಣ್ಣಿಸಿ ಓಡಸಬ್ಯಾಡ್ರಿ. ಮತ್ತ, ಎಲುಬು ಕಂಡ್ವು ಅಂತ ಗಾಬರಿ ಆಗಬ್ಯಾಡ್ರಿ.’

ಮೊದಲ ಮಾತಿಗೆ ತೊಂದರೆಯಿರಲಿಲ್ಲ. ಎರಡನೆಯದು ಕಠಿನವಾಯಿತು. ತತ್ತಿ ನಮ್ಮ ಮನೆಯ ಹೊಸ್ತಿಲು ದಾಟಿದ ಇತಿಹಾಸವಿಲ್ಲ. ಕೊನೆಗೆ ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಎಂದು ಒಪ್ಪಂದವಾಯಿತು. ಮೂರು ತಿಂಗಳಲ್ಲಿ ಆ ಒಲೆಯ ಮುಂದೆ ಕುಳಿತು, ತತ್ತಿ ಎಷ್ಟು ನಿಮಿಷ ಕುದಿಯಬೇಕೆಂದು ನನಗೆ ಹೇಳುತ್ತಿದ್ದವಳು ನನ್ನ ಹೆಂಡತಿಯೇ. ಮೊಮ್ಮಗ ಮಾತ್ರ ಒಂದು ತಿಂಗಳು ಮರಿಗೆ ಹೆಸರಿಡಲಿಲ್ಲ. ಕೊನೆಯ ಲಸಿಕೆ ಆದ ಸಂಜೆ, ಯಾರೂ ಹೇಳದೆ, ಬಾಗಿಲಲ್ಲಿ ನಿಂತು ‘ಕಾಳಿ’ ಎಂದು ಕೂಗಿದ.

ನಾವು ಎಡವಿದ್ದು ಕೊನೆಯ ಮಾತಿನಲ್ಲಿ. ಮರಿ ಬೆಳೆದಂತೆ ಪಕ್ಕೆಲುಬುಗಳು ಕಾಣಿಸಿಕೊಂಡವು. ಓಣಿಯವರು ಕೇಳಲಾರಂಭಿಸಿದರು: ‘ಮಾಸ್ತರ, ಈ ತಿಂಗಳ ಪೆನ್ಶನ್ ಬಂದಿಲ್ಲೇನ್ರಿ?’ ನನ್ನ ಹೆಂಡತಿಗೆ ಇದು ಸಹಿಸದಾಯಿತು. ‘ಎದಿ ಎಲುಬು ಎಣಸ್ಲಿಕ್ಕೆ ಬರ್ತಾವ, ಮಂದಿ ಏನಂದಾರು?’ ಎಂದು ಅವಳು ಗುಟ್ಟಾಗಿ ತನ್ನ ಉಪಚಾರವನ್ನು ಆರಂಭಿಸಿದಳು. ತುಪ್ಪ ಸವರಿದ ಹೋಳಿಗೆ, ಶಿರಾ, ಒಗ್ಗರಣೆ ಹಾಕಿದ ಅನ್ನ; ಅತಿಥಿಗಳು ತಂದ ಧಾರವಾಡದ ಪೇಢೆಯಲ್ಲಿ ಅರ್ಧ ಪಾಲು. ಅವಳನ್ನೇ ದೂರುವುದು ಅನ್ಯಾಯವಾದೀತು. ನನ್ನ ಚಹದ ಜೊತೆಯ ಬಿಸ್ಕತ್ತಿನಲ್ಲಿಯೂ ಅದಕ್ಕೆ ಪಾಲಿತ್ತು. ನನ್ನ ಮಗನದು ಬೇರೆ ಪಾಲು. ಮನೆಯಲ್ಲಿ ಐದು ಜನ, ಐವರೂ ಒಬ್ಬರಿಗೊಬ್ಬರು ತಿಳಿಯದಂತೆ ನಾಯಿಯನ್ನು ಪ್ರೀತಿಸುತ್ತಿದ್ದೆವು.

ಒಂದೂವರೆ ವರ್ಷವಾಗುವಷ್ಟರಲ್ಲಿ ಎಲುಬುಗಳು ಮುಚ್ಚಿಹೋದವು. ಓಣಿಯವರು ಮೆಚ್ಚಿದರು. ಕಾಳಿ ಮಾತ್ರ ಓಡುವುದನ್ನು ಬಿಟ್ಟಿತು. ಕೆಲಗೇರಿ ಕೆರೆಯ ದಂಡೆಯ ಅರ್ಧಕ್ಕೇ ಕುಳಿತು ತೇಕುವುದು, ಬೆಳಿಗ್ಗೆ ಏಳುವಾಗ ಮುಂಗಾಲು ಕುಂಟುವುದು. ವೈದ್ಯೆ ತಕ್ಕಡಿಯ ಮೇಲೆ ನಿಲ್ಲಿಸಿದಳು: ೩೧ ಕಿಲೋ. ‘ಇಪ್ಪತ್ತೈದರ ಆಸುಪಾಸು ಇರಬೇಕಿತ್ತು, ಸರ್. ಆರು ಕಿಲೋ ಹೊರೆ ಹೊತ್ತು ನಡೀತಾ ಇದೆ’ ಎಂದಳು. ಆಮೇಲೆ ನನ್ನ ಕೈಯನ್ನು ನಾಯಿಯ ಪಕ್ಕೆಯ ಮೇಲಿಡಿಸಿ, ಎಲುಬು ಬೆರಳಿಗೆ ಸಿಗುತ್ತದೆಯೇ ಎಂದು ಕೇಳಿದಳು. ಸಿಗಲಿಲ್ಲ. ಯಾವ ಜಾತಿಯ ನಾಯಿಗಾದರೂ ಒತ್ತದೆ ಸವರಿದರೆ ಪಕ್ಕೆಲುಬು ಬೆರಳಿಗೆ ತಿಳಿಯಬೇಕಂತೆ. ಓಟದ ಜಾತಿಗಳಲ್ಲಿ ಕೊನೆಯ ಎರಡು ಮೂರು ಕಣ್ಣಿಗೂ ಕಾಣಬೇಕು. ನಾವು ಹಸಿವೆಂದು ತಿಳಿದದ್ದು ಅದರ ಆರೋಗ್ಯ. ಆರೋಗ್ಯವೆಂದು ಮೆಚ್ಚಿದ್ದು ಅದರ ಕಾಯಿಲೆ.

ಅಂದು ಆಕೆಯ ಮೇಜಿನ ಮುಂದೆ ನಾನು ವಿದ್ಯಾರ್ಥಿಯಾದೆ. ಒಕ್ಕಲಿಗರ ರೊಟ್ಟಿಯ ಮಾತು ತಪ್ಪೇನಲ್ಲವೆಂದಳು. ಮನುಷ್ಯನ ಅಂಬಲಿ-ಮುದ್ದೆಯ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಗೆ, ತೋಳಕ್ಕಿಲ್ಲದಷ್ಟು ಪಿಷ್ಟ ಅರಗಿಸುವ ಶಕ್ತಿ ಬಂದಿದೆ. ೨೦೧೩ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದರ ಜೀನಿನಲ್ಲೇ ಇದನ್ನು ಕಂಡರು. ಆದರೆ ರೊಟ್ಟಿಯೊಂದೇ ಸಾಲದು. ತತ್ತಿಯೋ ಮಾಂಸವೋ ಬೇಕು. ಹಾಲು ಕೆಲವು ನಾಯಿಗಳಿಗೆ ಒಗ್ಗದು. ಭೇದಿಯಾದರೆ ನಿಲ್ಲಿಸಿ ಮೊಸರು ಕೊಡಬಹುದು. ಎದೆ ಆಳವಾದ ನಾಯಿ ಹೊಟ್ಟೆ ತುಂಬ ಉಂಡು ಓಡಿದರೆ ಜಠರವೇ ತಿರುಚಿಕೊಂಡು ಗಂಟೆಗಳಲ್ಲಿ ಸಾಯುವ ಭಯವಿದೆ. ಮುಧೋಳದ ಕಟ್ಟೆಯ ಮೇಲೆ ಕೇಳಿದ ಮಾತು ಇದೇ ಅಲ್ಲವೇ? ಅದಕ್ಕಾಗಿ ದಿನದ ಊಟವನ್ನು ಎರಡು ಹೊತ್ತು ಮಾಡಿ, ತಿರುಗಾಟವನ್ನು ಊಟಕ್ಕೆ ಮೊದಲು ಮುಗಿಸಬೇಕು.

ಆಮೇಲೆ ನಮ್ಮ ಅಡಿಗೆಮನೆಯ ವಿಚಾರಣೆ ನಡೆಯಿತು. ಒಗ್ಗರಣೆಯ ಅನ್ನದಲ್ಲಿ ಉಳ್ಳಾಗಡ್ಡಿ ಇರುತ್ತಿತ್ತೇ? ಇರುತ್ತಿತ್ತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗದು. ಶಿರಾದಲ್ಲಿ ದ್ರಾಕ್ಷಿ? ಅದೂ ಇತ್ತು. ಹಸಿಯದಾಗಲಿ ಒಣಗಿದ್ದಾಗಲಿ, ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸಿಬಿಡುತ್ತದೆ. ಯಾವ ನಾಯಿಗೆ, ಎಷ್ಟರಿಂದ ಎಂಬುದನ್ನು ಮುಂಚೆ ಹೇಳುವಂತಿಲ್ಲ. ಚಾಕಲೇಟು? ಮೊಮ್ಮಗ ತಲೆ ತಗ್ಗಿಸಿದ. ಬೇಯಿಸಿದ ಕೋಳಿಯ ಎಲುಬು ಸೀಳಾಗಿ ಒಡೆದು ಕರುಳನ್ನು ಚುಚ್ಚುತ್ತದೆಂದು ಆಕೆ ಹೇಳಿದಾಗ, ನನ್ನ ಹೆಂಡತಿ ಅಲ್ಲಿ ತನಕ ಬಾಗಿಸಿದ್ದ ತಲೆಯನ್ನೆತ್ತಿ ‘ಅದೊಂದು ನಮ್ಮ ಮನ್ಯಾಗಿಲ್ಲ ನೋಡವಾ’ ಎಂದಳು. ಜ್ವರಕ್ಕೆ, ನೋವಿಗೆ ನಾವು ನುಂಗುವ ಗುಳಿಗೆಗಳನ್ನು ನಾಯಿಗೆ ಕೊಡುವ ಸಾಹಸ ಬೇಡವೆಂದೂ ಹೇಳಿದಳು. ಕುಂಟುತ್ತಿದ್ದ ಕಾಳಿಗೆ ಕೊಡಬೇಕೆಂದು ನಾನು ಒಂದನ್ನು ಎತ್ತಿಟ್ಟಿದ್ದೆ.

ಐದು ತಿಂಗಳು ಹಿಡಿಯಿತು. ಒಂದು ಬಟ್ಟಲನ್ನು ಅಳತೆಗೆ ಗೊತ್ತುಮಾಡಿ, ಉಣ್ಣಿಸುವ ಅಧಿಕಾರವನ್ನು ಮೊಮ್ಮಗನೊಬ್ಬನಿಗೇ ಒಪ್ಪಿಸಿದೆವು. ಇಡೀ ಮನೆಯಲ್ಲಿ ಕರುಣೆ ಕಡಿಮೆಯಿದ್ದವನು ಅವನೇ.

ಮೈ ಇಳಿಯಿತು, ಓಟ ಮರಳಿತು. ಈ ಉತ್ಸಾಹದಲ್ಲಿ ಪುಸ್ತಕದ ಇನ್ನೊಂದು ಪುಟವನ್ನು ಎಲ್ಲರೂ ಮರೆತೆವು.

ಶ್ರಾವಣದ ಒಂದು ಸಂಜೆ, ಕೆರೆಯ ದಂಡೆಯ ಮೇಲೆ, ಎಲ್ಲಿಂದಲೋ ಒಂದು ನಾಯಿ ಬಂತು. ಬೊಗಳಲಿಲ್ಲ, ಗುರ್ರೆನ್ನಲಿಲ್ಲ. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. ನೇರವಾಗಿ ಬಂದು ಕಾಳಿಯ ಕೊರಳನ್ನು ಕಚ್ಚಿ, ಅದೇ ಮೌನದಿಂದ ತೂರಾಡುತ್ತ ಹೋಯಿತು. ಮನೆಗೆ ಬಂದು ನಾನೇ ಬರಿಗೈಯಿಂದ ಗಾಯ ತೊಳೆದೆ. ತೊಳೆದ ಮೇಲೆ, ಬೆಳಿಗ್ಗೆ ಗುಲಾಬಿ ಗಿಡ ಸವರುವಾಗ ಬೆರಳಿಗೆ ಮುಳ್ಳು ಗೀರಿದ್ದು ನೆನಪಾಯಿತು. ಪುಸ್ತಕ ತೆಗೆದು ನೋಡಿದೆವು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮತ್ತೆ ಹಾಕಿಸಬೇಕಿದ್ದ ದಿನ ಕಳೆದು ಏಳು ವಾರವಾಗಿತ್ತು.

ನನ್ನ ಚಿಕ್ಕಂದಿನಲ್ಲಿ ನಮ್ಮ ದೊಡ್ಡಪ್ಪನ ಮಗನಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿದ್ದನ್ನು ಕಂಡಿದ್ದೇನೆ. ೧೮೮೫ರಲ್ಲಿ ಲೂಯಿ ಪಾಶ್ಚರನು ಒಂಬತ್ತು ವರ್ಷದ ಹುಡುಗನನ್ನು ಉಳಿಸಿದ ಮೇಲೆ, ಕಸೌಲಿಯಲ್ಲಿ, ಕೂನೂರಿನಲ್ಲಿ ಸಂಸ್ಥೆಗಳು ಎದ್ದವು, ಕೂನೂರಿನದು ೧೯೦೭ರದು. ಕುರಿಯ ಮಿದುಳಿನಿಂದ ಮಾಡಿದ ಆ ಹಳೆಯ ಲಸಿಕೆ ಈಗಿಲ್ಲ. ಆದರೂ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಲ್ಲಿಯವರು ಕೈಯನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಮತ್ತೊಮ್ಮೆ ತೊಳೆಸಿದರು. ಮೊದಲು ಮಾಡಬೇಕಾದ ಚಿಕಿತ್ಸೆ ಅದೇ. ಗೀರಿದ ಜಾಗಕ್ಕೆ ಸೀರಮ್ ಚುಚ್ಚಿದರು. ಆಮೇಲೆ ಎರಡೂ ತೋಳಿನ ಚರ್ಮಕ್ಕೆ ಪುಟ್ಟ ಸೂಜಿ: ಆ ದಿನ, ಅಲ್ಲಿಂದ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ. ನೋವು ಇರುವೆ ಕಚ್ಚಿದಷ್ಟು. ಕಾಳಿಗೆ ವೈದ್ಯೆ ಆ ರಾತ್ರಿಯೇ ಲಸಿಕೆ ಹಾಕಿದಳು. ಹಳೆಯ ಲಸಿಕೆಗಳ ಬಲ ಇನ್ನೂ ಇರಬಹುದು, ಇದು ಅದನ್ನು ಎಬ್ಬಿಸಬಹುದು ಎಂದಳು. ನಲವತ್ತೈದು ದಿನ ಬೇರೆಯಾಗಿ ಕಟ್ಟಿ ನೋಡಬೇಕು. ಲಕ್ಷಣ ತೋರಿದ ಮೇಲೆ ಈ ರೋಗಕ್ಕೆ ಮದ್ದಿಲ್ಲ, ನಾಯಿಗಾಗಲಿ ನಮಗಾಗಲಿ. ಕಚ್ಚಿದ ನಾಯಿ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲವಾದ್ದರಿಂದ, ಅದಕ್ಕೆ ಏನಾಗಿತ್ತೆಂಬುದು ಇತ್ಯರ್ಥವಾಗುವಂತಿರಲಿಲ್ಲ.

ಹಿತ್ತಲಿನ ಶೆಡ್ಡಿನಲ್ಲಿ ಕಟ್ಟಿದೆವು. ಊಟ, ನೀರು ಕೊಡುವವನು ನಾನೊಬ್ಬನೇ. ಅದೂ ಉದ್ದನೆಯ ಕೋಲಿನಿಂದ ತಟ್ಟೆಯನ್ನು ದೂಡಿ. ಕಾಳಿಗೆ ತಾನು ಮಾಡಿದ ತಪ್ಪೇನೆಂಬುದು ತಿಳಿಯದು. ಮೊದಲ ದಿನಗಳಲ್ಲಿ ಬಾಲ ಬಡಿಯಿತು, ಆಮೇಲೆ ಅದನ್ನೂ ಬಿಟ್ಟು ಮುಖವನ್ನು ಕಾಲುಗಳ ನಡುವೆ ಇಟ್ಟುಕೊಂಡು ನನ್ನನ್ನು ನೋಡುತ್ತಿತ್ತು. ಒಂದು ಹೊತ್ತು ನೀರು ಮುಟ್ಟದಿದ್ದರೆ ನನ್ನ ಎದೆ ಬಡಿದುಕೊಳ್ಳುವುದು. ಕೆಮ್ಮಿದರೆ, ಧ್ವನಿ ಕೊಂಚ ಒಡೆದಂತೆ ಕೇಳಿದರೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ಮೊಮ್ಮಗ ಶಾಲೆಯಿಂದ ಬಂದವನೇ ಅಡಿಗೆಮನೆಯ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ. ಹನ್ನೊಂದನೆಯ ದಿನವೋ ಹನ್ನೆರಡನೆಯದೋ, ತಿರುಗಿ ನೋಡದೆ ಕೇಳಿದ: ‘ಅಜ್ಜಾ, ಈ ಕಾಳಿನೂ ಹೋಗ್ತದೇನು?’

ನಾನು ಉತ್ತರ ಕೊಡಲಿಲ್ಲ. ಏಳು ವಾರದ ಮರೆವಿಗೆ ಯಾವ ಉತ್ತರ ಕೊಡಲಿ?

ನಲವತ್ತೈದನೆಯ ದಿನ ಭಾದ್ರಪದ ಮುಗಿಯುತ್ತ ಬಂದಿತ್ತು. ವೈದ್ಯೆ ತಾನೇ ಮನೆಗೆ ಬಂದಳು. ಬಾಯಿ, ಕಣ್ಣು, ನಡಿಗೆ ಎಲ್ಲವನ್ನೂ ನೋಡಿ, ಸರಪಳಿ ಬಿಚ್ಚಲು ಮೊಮ್ಮಗನಿಗೇ ಹೇಳಿದಳು. ಬಿಚ್ಚಿದ ಮೇಲೆ ಕಾಳಿ ಒಂದು ಕ್ಷಣ ಅಲ್ಲಿಯೇ ನಿಂತಿತು. ಆಮೇಲೆ ಹಿತ್ತಲನ್ನು ಮೂರು ಸುತ್ತು ಸುತ್ತಿ, ತುಳಸಿಕಟ್ಟೆಯನ್ನು ಹಾರಿ, ಒಣಹಾಕಿದ್ದ ಹಪ್ಪಳವನ್ನೆಲ್ಲ ತುಳಿದು, ಅಡಿಗೆಮನೆಯ ಬಾಗಿಲಿಗೆ ಬಂದು ಕುಳಿತಿತು. ಅಂದು ನನ್ನ ಹೆಂಡತಿ ಹೋಳಿಗೆಯ ಡಬ್ಬಿಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಕೊನೆಗೆ ಅಳತೆಯ ಬಟ್ಟಲನ್ನೇ ಎತ್ತಿಕೊಂಡಳು.

ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ತಂದ ತಾರೀಖು ಬರೆದಿಡುವ ಕಡೆ, ಈಗ ಅವಳ ಅಕ್ಷರದಲ್ಲಿ ಇನ್ನೂ ಒಂದು ಸಾಲು ಇರುತ್ತದೆ: ‘ಕಾಳಿಗೆ ಸೂಜಿ.’ ಓಣಿಗೆ ಹೊಸದಾಗಿ ಬಂದವರು ಮೊನ್ನೆ ನಾಯಿಯನ್ನು ಕಂಡು, ಅದಕ್ಕೆ ಊಟ ಸರಿಯಾಗಿ ಹಾಕುವುದಿಲ್ಲವೇ ಎಂದು ಬಹಳ ಸಂಕೋಚದಿಂದ ಕೇಳಿದರು. ನನ್ನ ಹೆಂಡತಿ ಅವರನ್ನು ಒಳಗೆ ಕರೆದು, ಚಹ ಕೊಟ್ಟು, ಕಾಳಿಯನ್ನು ಮಗ್ಗುಲಾಗಿ ನಿಲ್ಲಿಸಿ, ಎಲುಬುಗಳನ್ನು ಎಣಿಸಿ ತೋರಿಸಿದಳು.